ಶಾಲು ಹೊದಿಸಿ ಕೂರಿಸುವ ಕಲೆ

ಕಲಾವಿದರ ವಿಷಯದಲ್ಲಿ ನಮ್ಮ ಸರ್ಕಾರಗಳ ಕೈ ಬಲು ದೊಡ್ಡದು. ಅವರು ಕೇಳಿದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಕೊಡುತ್ತವೆ. ಮರ ಕಡಿಯಬೇಡಿ ಎಂದವರಿಗೆ ಗಂಧದ ಹಾರ, ಹೆಂಡದಂಗಡಿ ಮುಚ್ಚಿಸಿ ಎಂದವರಿಗೆ ಬೆಳ್ಳಿ ಲೋಟ, ಹೊಳೆ ಉಳಿಸಿ ಎಂದವರಿಗೆ ವೇದಿಕೆಯ ಮೇಲೆ ಬಾಟಲಿ ನೀರು. ಔಷಧಿಯನ್ನು ಮುಟ್ಟದೆ ವೈದ್ಯರಿಗೆ ಮಾತ್ರ ದಿನವೂ ಹಾರ ಹಾಕುವ ರೋಗಿ ಎಲ್ಲಾದರೂ ಇದ್ದರೆ ಅವನ ಆಧಾರ್ ಕಾರ್ಡಿನಲ್ಲಿ ಕರ್ನಾಟಕದ ವಿಳಾಸವೇ ಇರುತ್ತದೆ.

ಒಬ್ಬ ಕಲಾವಿದೆ ಜೀವಮಾನವಿಡೀ ಒಂದೇ ಮಾತನ್ನು ಹಾಡಿ, ಕುಣಿದು, ಬಣ್ಣ ಬಳಿದು ಹೇಳಿದರೆ ಅದೂ ಒಂದು ಮನವಿಯೇ. ಮನವಿ ಬಂದ ಮೇಲೆ ಕಚೇರಿ ಹಿಂಬರಹ ಕೊಡಬೇಕು. ನಮ್ಮಲ್ಲಿ ಆ ಹಿಂಬರಹವನ್ನು ಸನ್ಮಾನ ಎನ್ನುತ್ತಾರೆ. ‘ತಮ್ಮ ಕೋರಿಕೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ತಮಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಫಲತಾಂಬೂಲ ನೀಡಿ ಕಡತವನ್ನು ಮುಕ್ತಾಯಗೊಳಿಸಲು ತೀರ್ಮಾನಿಸಲಾಗಿದೆ.’ ಇದಕ್ಕೆ ಮೇಲ್ಮನವಿ ಇಲ್ಲ. ಪೇಟ ತೊಟ್ಟವರು ಧಿಕ್ಕಾರ ಕೂಗಿದರೆ ಚೆನ್ನಾಗಿ ಕಾಣುವುದಿಲ್ಲ.

ರಾಜ್ಯೋತ್ಸವ ಪ್ರಶಸ್ತಿಯ ಗಣಿತವನ್ನೇ ನೋಡಿ. ಅದು ಎಷ್ಟನೆಯ ರಾಜ್ಯೋತ್ಸವವೋ ಅಷ್ಟು ಸಾಧಕರು. 2023ರಲ್ಲಿ 68, 2024ರಲ್ಲಿ 69, 2025ರಲ್ಲಿ 70. ಅಂದರೆ ನಾಡಿನಲ್ಲಿ ಸಾಧನೆಯೆಂಬುದು ವರ್ಷಕ್ಕೆ ಸರಿಯಾಗಿ ಒಂದು ತಲೆಯಷ್ಟು ಬೆಳೆಯುತ್ತದೆ. ಬರ ಬಂದರೂ ಅಷ್ಟೇ, ನೆರೆ ಬಂದರೂ ಅಷ್ಟೇ. ಪಟ್ಟಿಯೊಳಗೆ ಜಾನಪದ, ರಂಗಭೂಮಿ, ಪರಿಸರ ಎಂದೆಲ್ಲ ಕೋಣೆಗಳು. ಕಾಡು ಕರಗಿದ ಹಾಗೆಲ್ಲ ಪರಿಸರದ ಕೋಣೆಗೆ ನೂಕುನುಗ್ಗಲು ಹೆಚ್ಚುತ್ತದೆ, ಏಕೆಂದರೆ ಕೆಡವಿದ ಕಡೆಯಲ್ಲೇ ಕಾಪಾಡುವವರೂ ಹುಟ್ಟಬೇಕು. ಆಯ್ಕೆಯಾದವರಿಗೆ 5 ಲಕ್ಷ ರೂಪಾಯಿ, 25 ಗ್ರಾಂ ಚಿನ್ನ. ನೆಲ ಅಗೆಯದೆ ಚಿನ್ನ ಬರುವುದಿಲ್ಲ ಎಂಬ ಸಂಗತಿಯನ್ನು ಪರಿಸರ ವಿಭಾಗದವರು ಆ ಒಂದು ಸಂಜೆಯ ಮಟ್ಟಿಗೆ ಮರೆತರಾಯಿತು.

ಪಡೆದವರ ಮೇಲೆ ನನ್ನ ತಕರಾರಿಲ್ಲ. ಎಷ್ಟೋ ಜನಪದ ಕಲಾವಿದರು ಕಂಡ ದೊಡ್ಡ ಗಂಟೆಂದರೆ ಆ 5 ಲಕ್ಷವೇ. ಆಸ್ಪತ್ರೆ ಸಾಲ ತೀರುತ್ತದೆ, ಸೋರುವ ಮಾಡಿಗೆ ಶೀಟು ಬೀಳುತ್ತದೆ. ತಕರಾರಿರುವುದು ಕೊಟ್ಟವರು ಆ 5 ಲಕ್ಷಕ್ಕೆ ಏನನ್ನು ವಸೂಲಿ ಮಾಡಿಕೊಂಡರು ಎಂಬುದರ ಬಗ್ಗೆ.

ಈ ವಿದ್ಯೆಯಲ್ಲಿ ನಾವು ಮುಟ್ಟಿದ ಶಿಖರ ಶಿವರಾಮ ಕಾರಂತರದು. ಕಾರಂತರು ಮಾಡಿದ ಸಾಧನೆಯಲ್ಲ. ಕಾರಂತರಿಗೆ ನಾವು ಮಾಡಿದ್ದು.

ಯಕ್ಷಗಾನವನ್ನು ಬ್ಯಾಲೆಯಾಗಿ ಕುಣಿಸಿದವರು, ಚೋಮನ ಕೈಗೆ ದುಡಿ ಕೊಟ್ಟು ಸಭ್ಯ ಜನರ ನಿದ್ದೆ ಕೆಡಿಸಿದವರು, ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ರ ಜ್ಞಾನಪೀಠ ಪಡೆದವರು. ಅಷ್ಟಕ್ಕೆ ನಿಲ್ಲಿಸಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು. ಆದರೆ ಮುಪ್ಪಿನಲ್ಲಿ ಆರಾಮಕುರ್ಚಿಯಲ್ಲಿ ಕೂರುವ ಬದಲು, ಕಾಳಿ ನದಿ ದಂಡೆಯ ಕೈಗಾದಲ್ಲಿ ಅಣುಸ್ಥಾವರ ಬೇಡ ಎಂದು ಊರೂರು ತಿರುಗಿದರು. 1989ರಲ್ಲಿ, 87ರ ವಯಸ್ಸಿನಲ್ಲಿ, ಪರಿಸರವನ್ನೇ ಮುಂದಿಟ್ಟುಕೊಂಡು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಮತದಾರರು ಬಹಳ ಗೌರವದಿಂದ ಅವರನ್ನು ಸೋಲಿಸಿದರು. ಕಾರಂತರು 1997ರ ಡಿಸೆಂಬರಿನಲ್ಲಿ ತೀರಿಕೊಂಡರು. 2000ನೇ ಇಸವಿಯಲ್ಲಿ ಕೈಗಾದಲ್ಲಿ ವಾಣಿಜ್ಯ ಉತ್ಪಾದನೆ ಶುರುವಾಯಿತು. ಈಗ ಅಲ್ಲಿ 4 ಘಟಕಗಳಿವೆ. 5 ಮತ್ತು 6ನೆಯದಕ್ಕೆ ತಯಾರಿ ನಡೆದಿದೆ.

ಹಾಗೆಂದು ನಾಡು ಅವರನ್ನು ಮರೆಯಿತೇ? ಎಲ್ಲಾದರೂ ಉಂಟೇ! 2008ರ ಕೊನೆಯಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು (ಬಿಡಿಎ) ನಗರದ ಉತ್ತರ ದಿಕ್ಕಿನ 17 ಹಳ್ಳಿಗಳ 3,546 ಎಕರೆ ಜಮೀನಿಗೆ ಸ್ವಾಧೀನದ ಅಧಿಸೂಚನೆ ಹೊರಡಿಸಿತು. ಹೆಸರು, ಡಾ. ಶಿವರಾಮ ಕಾರಂತ ಬಡಾವಣೆ. ‘ಮರಳಿ ಮಣ್ಣಿಗೆ’ ಬರೆದವರ ಹೆಸರಿನಲ್ಲಿ ಮಣ್ಣನ್ನು ಮೂವತ್ತು-ನಲವತ್ತರ ಅಳತೆಗೆ ಕತ್ತರಿಸುವ ಯೋಜನೆ. ಉಳಲು ಒಂದು ತುಂಡು ಗದ್ದೆ ಸಿಗದೆ ಸತ್ತ ಚೋಮನನ್ನು ಸೃಷ್ಟಿಸಿದವರ ಹೆಸರಿನಲ್ಲಿ, ಗದ್ದೆ ಇರುವವರ ಕೈಯಿಂದಲೂ ಗದ್ದೆ ಬಿಡಿಸಿಕೊಳ್ಳುವ ಏರ್ಪಾಟು. ಯಾರಾದರೂ ಕಾದಂಬರಿಯಲ್ಲಿ ಇಂಥದ್ದನ್ನು ಬರೆದಿದ್ದರೆ ಸಂಪಾದಕರು ‘ವ್ಯಂಗ್ಯ ಅತಿಯಾಯಿತು’ ಎಂದು ಗೀಟೆಳೆಯುತ್ತಿದ್ದರು. ರಾಜ್ಯಪತ್ರದಲ್ಲಿ ಬಂದದ್ದರಿಂದ ಬಚಾವಾಯಿತು. ಭೂಮಾಲೀಕರು ಕೋರ್ಟಿಗೆ ಹೋದರು. ವರ್ಷಗಟ್ಟಲೆ ವ್ಯಾಜ್ಯ ನಡೆದು 2018ರಲ್ಲಿ ಸುಪ್ರೀಂ ಕೋರ್ಟು ಬಡಾವಣೆ ಮಾಡಿ ಎಂದಿತು. ಅಷ್ಟು ಹೊತ್ತಿಗೆ ಕಾರಂತರ ಹೆಸರು ಸಾಹಿತ್ಯ ವಿಮರ್ಶಕರಿಗಿಂತ ಹೆಚ್ಚಾಗಿ ಭೂಸ್ವಾಧೀನದ ವಕೀಲರಿಗೆ ಬಾಯಿಪಾಠವಾಗಿತ್ತು.

ಈಗ ಆ ಕಡೆಯ ಬ್ರೋಕರ್ ಒಬ್ಬರನ್ನು ಮಾತಾಡಿಸಿ ನೋಡಿ.

‘ಕಾರಂತ್‌ನಲ್ಲಿ ಒಂದು ಕಾರ್ನರ್ ಸೈಟ್ ಇದೆ ಸಾರ್. ಈಸ್ಟ್ ಫೇಸಿಂಗು.’

‘ಕಾರಂತರು ಯಾರಪ್ಪ?’

‘ಹಳೇ ಓನರ್ ಇರ್ಬೇಕು ಸಾರ್. ತಲೆ ಕೆಡಿಸ್ಕೋಬೇಡಿ, ಟೈಟಲ್ ಕ್ಲಿಯರ್ ಇದೆ, ಬಿಡಿಎದು.’

ಇಲ್ಲಿ ಒಂದು ಜಾಣತನವಿದೆ. ಇದೇ ಕಾರಂತರು ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ವಾಪಸ್ ಮಾಡಿದವರು. ಬದುಕಿರುವ ಕಲಾವಿದರನ್ನು ಗೌರವಿಸುವುದರಲ್ಲಿ ಈ ಒಂದು ಅಪಾಯ ಇದ್ದೇ ಇರುತ್ತದೆ, ಕೊಟ್ಟದ್ದು ಅಂಚೆಯಲ್ಲಿ ತಿರುಗಿ ಬಂದೀತು. ಸತ್ತವರು ಬಡಾವಣೆಯನ್ನು ವಾಪಸ್ ಕಳಿಸಿದ್ದು ಈವರೆಗೆ ವರದಿಯಾಗಿಲ್ಲ.

ಕಾರಂತರು ಚುನಾವಣೆಗೆ ನಿಂತ ಅದೇ ಜಿಲ್ಲೆಯ ಅಂಕೋಲಾ ತಾಲ್ಲೂಕಿಗೆ ಬನ್ನಿ. ಬಡಗೇರಿಯ ಸುಕ್ರಿ ಬೊಮ್ಮಗೌಡ, ಊರಿನವರಿಗೆ ಸುಕ್ರಜ್ಜಿ. ಶಾಲೆಯ ಮೆಟ್ಟಿಲು ಹತ್ತದ ಹಾಲಕ್ಕಿ ಸಮುದಾಯದ ಈ ಅಜ್ಜಿಯ ತಲೆಯೊಳಗೆ ಸಾವಿರಾರು ಹಾಡುಗಳಿದ್ದವು. ನೆಟ್ಟಿಗೆ, ಮದುವೆಗೆ, ಸುಗ್ಗಿಗೆ, ಹೊತ್ತಿಗೊಂದು ಹಾಡು. ಸಂಶೋಧಕರು ಬಂದರು, ಧ್ವನಿಮುದ್ರಿಸಿಕೊಂಡರು, ಹೋದರು. ಆದರೆ ಅಜ್ಜಿ ಹಾಡಿಕೊಂಡಷ್ಟೇ ಇರಲಿಲ್ಲ. ಹೆಂಡ ತಂದಿಡುವ ಸಾವನ್ನು ಸ್ವಂತ ಮನೆಯೊಳಗೇ ಕಂಡವರು. ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ಬೀದಿಗಿಳಿದರು. 2017ರಲ್ಲಿ ಪದ್ಮಶ್ರೀ ಬಂತು. ಅದಕ್ಕೂ ಮುಂಚೆ, ಆಮೇಲೆ, ಬಂದ ಹಾರಗಳಿಗೆ ಲೆಕ್ಕವಿಲ್ಲ.

ಸರ್ಕಾರ ಅಜ್ಜಿಯ ಮಾತನ್ನು ಕೇಳಲಿಲ್ಲವೇ ಅಂದರೆ, ಕೇಳಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ಟು ಹೋಯಿತು, ಬಾಟಲಿ ಉಳಿಯಿತು. ಕುಡಿಯುವವನು ಅದೇ ಬಾಯಿ, ಅದೇ ಕೂಲಿ ದುಡ್ಡು ಹಿಡಿದುಕೊಂಡು ಪಕ್ಕದ ಅಂಗಡಿಗೆ ಹೋದ. ಆ ಅಂಗಡಿಗೆ ಸರಕು ಹಾಕುವವರು ಯಾರು? ಸರ್ಕಾರದ್ದೇ ಪಾನೀಯ ನಿಗಮ. ರಾಜ್ಯಕ್ಕೆಲ್ಲ ಅದೇ ಸಗಟು ವ್ಯಾಪಾರಿ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಎತ್ತಬೇಕೆಂದು ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಒಂದು ಕೈಯಲ್ಲಿ ಸುಕ್ರಜ್ಜಿಗೆ ಶಾಲು, ಇನ್ನೊಂದು ಕೈಯಲ್ಲಿ ಅಬಕಾರಿ ಆಯುಕ್ತರಿಗೆ ಗುರಿಪಟ್ಟಿ. ತೊಟ್ಟಿಲನ್ನೂ ತೂಗಿ ಮಗುವನ್ನೂ ಚಿವುಟುವುದು ಎಂದರೆ ಏನು ಎಂದು ಮಕ್ಕಳು ಕೇಳಿದರೆ ಬಜೆಟ್ ಪುಸ್ತಕ ತೆಗೆದು ತೋರಿಸಿ.

ಅಜ್ಜಿ ಇನ್ನೊಂದು ಕೇಳಿದ್ದರು. ಹಾಲಕ್ಕಿ ಒಕ್ಕಲಿಗರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು. ವೇದಿಕೆ ಸಿಕ್ಕಾಗಲೆಲ್ಲ ಕೇಳಿದರು, ಮಂತ್ರಿಗಳು ಕಂಡಾಗಲೆಲ್ಲ ಕೇಳಿದರು. ಮಂತ್ರಿಗಳು ಅಜ್ಜಿಯ ಕೈಹಿಡಿದುಕೊಂಡು ಫೋಟೋ ತೆಗೆಸಿಕೊಂಡರು. 2025ರ ಫೆಬ್ರವರಿಯಲ್ಲಿ ಅಜ್ಜಿ ಹೋದರು. ‘ತುಂಬಲಾರದ ನಷ್ಟ’ ಎಂದು ಎಲ್ಲ ಪಕ್ಷದವರೂ ಸಂತಾಪ ಸೂಚಿಸಿದರು. ತುಂಬಬಹುದಾಗಿದ್ದ ಅರ್ಜಿಯ ಬಗ್ಗೆ ಸಂತಾಪ ಸಂದೇಶದಲ್ಲಿ ಸ್ಥಳಾವಕಾಶ ಇರಲಿಲ್ಲ.

ಇದೇ ಅಂಕೋಲೆಯ ಹೊನ್ನಳ್ಳಿಯವರು ತುಳಸಿ ಗೌಡ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಮಾಡುತ್ತಲೇ ಆಯುಷ್ಯ ಕಳೆದವರು, 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನದ ಕೆಂಪುಹಾಸಿನ ಮೇಲೆ ನಡೆದು ಪದ್ಮಶ್ರೀ ತಂದವರು. ಹಾಲಕ್ಕಿಗಳ ಒಂದೇ ತಾಲ್ಲೂಕಿಗೆ ಎರಡು ಪದ್ಮಶ್ರೀ! ಅದೇ ತಾಲ್ಲೂಕಿನ ಹೆಸರು ಇನ್ನೊಂದು ಕಡತದಲ್ಲೂ ಇದೆ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ. ಪಶ್ಚಿಮ ಘಟ್ಟ ಸೀಳಿಕೊಂಡು ಇಳಿಯುವ ಈ ಹಳಿಗೆ 2 ಲಕ್ಷಕ್ಕೂ ಹೆಚ್ಚು ಮರ ಬೀಳಬೇಕು. 2020ರ ಮಾರ್ಚಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಹೂಂ ಎಂದಿತು. ವಿಷಯ ಹೈಕೋರ್ಟಿಗೆ ಹೋಯಿತು. ನನಗಂತೂ ಒಂದು ಧೈರ್ಯವಿದೆ. ರೈಲು ಬಂದೇ ಬಂದರೆ ನಾವು ಕೃತಘ್ನರಾಗುವುದಿಲ್ಲ. ಘಟ್ಟದ ನಡುವಿನ ಒಂದು ಸ್ಟೇಷನ್ನಿಗೆ ತುಳಸಿ ಗೌಡರ ಹೆಸರಿಟ್ಟೇ ಇಡುತ್ತೇವೆ. ಪ್ಲಾಟ್‌ಫಾರಮ್ಮಿನ ಗೋಡೆಗೆ ಹಸಿರು ಪೇಂಟಿನಲ್ಲಿ ಮರವನ್ನೂ ಬರೆಸುತ್ತೇವೆ, ಅದಕ್ಕೂ ಸ್ಥಳೀಯ ಕಲಾವಿದರನ್ನೇ ಕರೆಸಿ.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗಿನ ರಸ್ತೆಯ ಎರಡೂ ಬದಿಗೆ ಗಂಡ ಚಿಕ್ಕಯ್ಯನವರ ಜೊತೆ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಸಾಕಿದ ಸಾಲುಮರದ ತಿಮ್ಮಕ್ಕನವರನ್ನು ಕಲಾವಿದೆ ಎಂದು ಯಾರೂ ಕರೆದಿಲ್ಲ. ಕರೆಯಬೇಕಿತ್ತು. ಜೋಸೆಫ್ ಬಾಯ್ಸ್ ಎಂಬ ಜರ್ಮನ್ ಕಲಾವಿದ 1982ರಲ್ಲಿ ಕಾಸೆಲ್ ನಗರದ ಬೀದಿಗಳಲ್ಲಿ 7,000 ಓಕ್ ಮರ ನೆಡಲು ಹೊರಟ. ಪ್ರತಿ ಮರದ ಪಕ್ಕ ಒಂದೊಂದು ಕಪ್ಪುಕಲ್ಲು. ಆತ ಸತ್ತ ಮೇಲೆ, 1987ರಲ್ಲಿ, ಕೊನೆಯ ಮರ ನೆಟ್ಟರು. ಕಲಾಚರಿತ್ರೆಯ ಪುಸ್ತಕಗಳಲ್ಲಿ ಅದಕ್ಕೆ ಪುಟಗಟ್ಟಲೆ ವ್ಯಾಖ್ಯಾನ. ಬಾಯ್ಸ್ ಮಾಡಿದರೆ ಸಾಮಾಜಿಕ ಶಿಲ್ಪ. ತಿಮ್ಮಕ್ಕ ಮಾಡಿದರೆ ‘ಪಾಪ, ಮಕ್ಕಳಿರಲಿಲ್ಲ, ಅದಕ್ಕೆ ಮರ ನೆಟ್ಟರು’. ಅವರ ಆಲಗಳು 4 ಕಿಲೋಮೀಟರ್ ಉದ್ದದ ಶಿಲ್ಪ ಎಂದು ಒಂದು ಬೋರ್ಡು ಹಾಕಿದ್ದರೆ ಲೋಕೋಪಯೋಗಿ ಇಲಾಖೆಗಾದರೂ ಸ್ವಲ್ಪ ಅಂಜಿಕೆ ಇರುತ್ತಿತ್ತೇನೋ.

ಏಕೆಂದರೆ 2019ರ ಮಾರ್ಚಿನಲ್ಲಿ ತಿಮ್ಮಕ್ಕನವರಿಗೆ ದೆಹಲಿಯಲ್ಲಿ ಪದ್ಮಶ್ರೀ ಕೊಟ್ಟರು. ಜೂನ್ ತಿಂಗಳಲ್ಲಿ ಬಾಗೇಪಲ್ಲಿ-ಹಲಗೂರು ರಸ್ತೆ ಅಗಲೀಕರಣಕ್ಕೆ ಅವರ ಮರಗಳೇ ಅಡ್ಡ ಬಂದವು. ನೂರು ದಾಟಿದ ಮುದುಕಿ ಮುಖ್ಯಮಂತ್ರಿಯ ಮುಂದೆ ನಿಂತು ‘ನನ್ನ ಮಕ್ಕಳನ್ನು ಉಳಿಸಿಕೊಡಿ’ ಎಂದು ಬೇಡುವ ಪರಿಸ್ಥಿತಿ ಬಂತು. ಬೇರೆ ದಾರಿ ಹುಡುಕಿ ಎಂದು ಮುಖ್ಯಮಂತ್ರಿ ಸೂಚನೆ ಕೊಟ್ಟರು, ಒಳ್ಳೆಯದೇ. ಆದರೆ ಯಾವ ಮರಗಳಿಗಾಗಿ ಪದಕ ಕೊಟ್ಟೆವೋ ಆ ಮರಗಳ ಪ್ರಾಣಭಿಕ್ಷೆಗೆ ಪದಕ ತೊಟ್ಟುಕೊಂಡೇ ಬರಬೇಕೆಂದರೆ ಆ ಪದಕ ಗೇಟ್ ಪಾಸಷ್ಟೇ. ಆಮೇಲೆ ಅವರಿಗೆ ಸಚಿವ ಸಂಪುಟ ದರ್ಜೆಯ ಸ್ಥಾನಮಾನವೂ ಸಿಕ್ಕಿತು. ಅವರ ಹೆಸರಿನಲ್ಲಿ ಜಿಲ್ಲೆ ಜಿಲ್ಲೆಗೂ ವೃಕ್ಷೋದ್ಯಾನಗಳೂ ಇವೆ. ಗೇಟು, ಟಿಕೆಟ್ ಕೌಂಟರು, ಸಿಮೆಂಟಿನ ಜಿಂಕೆ. ಬೇಲಿಯಿಲ್ಲದ ರಸ್ತೆಯಲ್ಲಿ, ಟಿಕೆಟ್ಟಿಲ್ಲದೆ, ಯಾರು ಬೇಕಾದರೂ ಕೂರಬಹುದಾದ ನೆರಳನ್ನು ಮಾಡಿದವರಿಗೆ ಇದಕ್ಕಿಂತ ಒಪ್ಪುವ ಸ್ಮಾರಕ ಇನ್ನೇನಿದೆ.

ಇನ್ನು ಸಮಾರಂಭ. ಜಿಲ್ಲಾ ಕೇಂದ್ರವೊಂದರ ರಂಗಮಂದಿರ ಎಂದಿಟ್ಟುಕೊಳ್ಳಿ. ಯಾವ ಜಿಲ್ಲೆಯಾದರೂ ಆದೀತು, ಎಲ್ಲ ಕಡೆ ಅದೇ ಸೋಫಾ, ಅದೇ ಬಿಳಿ ಟರ್ಕಿ ಟವೆಲ್ಲು.

ಬಾಗಿಲಲ್ಲಿ ಆಳೆತ್ತರದ ಫ್ಲೆಕ್ಸು. ಬ್ಯಾನರು, ಬಂಟಿಂಗು, ಫ್ಲೆಕ್ಸು ಎಲ್ಲವನ್ನೂ 2016ರ ಮಾರ್ಚಿನಲ್ಲೇ ರಾಜ್ಯ ಸರ್ಕಾರ ನಿಷೇಧಿಸಿದೆಯಲ್ಲ ಎನ್ನಬೇಡಿ. ‘ಪರಿಸರ ಉಳಿಸಿ’ ಎಂದು ದೊಡ್ಡದಾಗಿ ಬರೆಸಬೇಕಾದರೆ ಫ್ಲೆಕ್ಸಿನಷ್ಟು ಅಗ್ಗ ಬೇರೆ ಯಾವುದಿದೆ? ಅದರಲ್ಲಿ ಶಾಸಕರದು ದೊಡ್ಡ ಮುಖ, ಉಸ್ತುವಾರಿ ಸಚಿವರದು ಇನ್ನೂ ದೊಡ್ಡದು, ಸನ್ಮಾನಿತರದು ಕೆಳಗಡೆ ಪಾಸ್‌ಪೋರ್ಟ್ ಸೈಜು. ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪು. ಮೂಲೆಯಲ್ಲಿ ಪ್ರಾಯೋಜಕರು, ಜಲ್ಲಿ ಕ್ರಷರ್ ಮಾಲೀಕರು. ಕೃಷಿ ಜಮೀನಿನಲ್ಲಿ ಸೈಟು ಮಾಡುವವರೂ ಇದ್ದಾರೆ. ಗುಡ್ಡ ಕರಗಿಸಿದವರಿಗೆ ಗುಡ್ಡ ಉಳಿಸಿದವರ ಮೇಲೆ ಇರುವಷ್ಟು ಮಮತೆ ಬೇರೆ ಯಾರಿಗೂ ಇರುವುದಿಲ್ಲ.

ಆಹ್ವಾನಪತ್ರಿಕೆಯಲ್ಲಿ ಹತ್ತೂವರೆ. ಸನ್ಮಾನಕ್ಕೆಂದು ಕರೆಸಿದ ಅಜ್ಜಿಯೊಬ್ಬರನ್ನು ಒಂಬತ್ತಕ್ಕೇ ತಂದು ಮೊದಲ ಸಾಲಿನಲ್ಲಿ ಕೂರಿಸಿದ್ದಾರೆ. ಸಚಿವರು ಬಂದಾಗ ಒಂದು ಗಂಟೆ. ದೀಪ ಹಚ್ಚಿದರೆ ಹಳೇ ಕ್ರಮವಾಯಿತು, ಆದ್ದರಿಂದ ಗಿಡಕ್ಕೆ ನೀರೆರೆದು ಉದ್ಘಾಟನೆ. ಪ್ಲಾಸ್ಟಿಕ್ ಕುಂಡದಲ್ಲಿ ಒಂದು ಗೇಣುದ್ದದ ಸಸಿ. ವೇದಿಕೆಯ ಮೇಲಿನ ಗಣ್ಯರು ಹದಿನಾಲ್ಕು ಮಂದಿ. ಹದಿನಾಲ್ಕೂ ಜನ ಒಂದೊಂದು ಚೊಂಬು ಸುರಿದ ಮೇಲೆ ಸಸಿ ಕಾಣಿಸುವುದಿಲ್ಲ, ಅದರ ತುದಿ ಮಾತ್ರ ತೇಲುತ್ತಿರುತ್ತದೆ. ಒಂದು ಆಯುಷ್ಯದಲ್ಲಿ ಸಾವಿರಗಟ್ಟಲೆ ಸಸಿ ಸಾಕಿದ ಅಜ್ಜಿ ‘ಸಾಕು, ಕೊಳ್ತದೆ’ ಎಂದು ಪಕ್ಕದವರಿಗೆ ಹೇಳುತ್ತಾರೆ. ಇಡೀ ಕಾರ್ಯಕ್ರಮದಲ್ಲಿ ಪರಿಸರದ ಬಗ್ಗೆ ತಿಳಿವಳಿಕೆಯಿಂದ ಆಡಿದ ಮಾತು ಅದೊಂದೇ. ಮೈಕಿಗೆ ಅದು ಸಿಗಲಿಲ್ಲ.

ಆಮೇಲೆ ಹೊದಿಕೆಯ ಸರದಿ. ಮಧ್ಯಾಹ್ನದ ಸೆಕೆಯಲ್ಲಿ, ಕೊರಳ ತುಂಬ ಮಣಿಸರ ಹಾಕಿಕೊಂಡವರ ಮೇಲೆ ಜರಿ ಶಾಲು, ಅದರ ಮೇಲೆ ಹಾರ, ತಲೆಯ ಮೇಲೆ ರೆಡಿಮೇಡ್ ಪೇಟ. ಪೇಟ ಸಡಿಲವಾಗಿ ಹುಬ್ಬಿನ ಕೆಳಗೆ ಇಳಿಯುತ್ತದೆ. ಕೈಗೆ ಹಣ್ಣಿನ ಬುಟ್ಟಿ, ಅದಕ್ಕೆ ಸುತ್ತಿದ ಪಾರದರ್ಶಕ ಹಾಳೆ, ಒಳಗೆ ಸ್ಟಿಕ್ಕರ್ ಅಂಟಿಸಿಕೊಂಡು ಹಡಗಿನಲ್ಲಿ ಬಂದ ಸೇಬು. ‘ಅಜ್ಜಿ, ಹೀಗೆ ನೋಡಿ, ಸ್ವಲ್ಪ ನಗಿ.’ ಅಜ್ಜಿಗೆ ಕಣ್ಣೇ ಕಾಣುತ್ತಿಲ್ಲ. ಸ್ಮರಣಿಕೆ ಕೊಡುವ ಸಚಿವರು ಅಜ್ಜಿಯನ್ನು ನೋಡುವುದಿಲ್ಲ, ಕ್ಯಾಮೆರಾ ನೋಡುತ್ತಾರೆ. ಅದು ತಪ್ಪಲ್ಲ, ನಾಳೆ ಪೇಪರಿನಲ್ಲಿ ಬರಬೇಕಾದ್ದು ಅದೇ. ಕೊನೆಗೆ ನಿರೂಪಕರು ‘ಸಮಯದ ಅಭಾವದಿಂದ, ಸನ್ಮಾನಿತರ ಪರವಾಗಿ ಒಬ್ಬರು ಎರಡೇ ನಿಮಿಷ’ ಎನ್ನುತ್ತಾರೆ. ಸಚಿವರು ಆ ಎರಡು ನಿಮಿಷಕ್ಕೆ ಮುಂಚೆಯೇ ಇನ್ನೊಂದು ಕಾರ್ಯಕ್ರಮಕ್ಕೆ ಹೊರಟಾಗಿರುತ್ತದೆ.

ಹಾರ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಯಾವುದೂ ಬೇಡ, ಕನ್ನಡ ಪುಸ್ತಕ ಕೊಡಿ ಎಂದು 2021ರ ಆಗಸ್ಟಿನಲ್ಲೇ ಸರ್ಕಾರದ ಸುತ್ತೋಲೆ ಹೊರಟಿತ್ತು. ಆ ಸುತ್ತೋಲೆ ಹೊರಡಿಸಿದವರನ್ನೂ ಎಲ್ಲಾದರೂ ಶಾಲು ಹೊದಿಸಿ ಅಭಿನಂದಿಸಿರಬಹುದು ಎಂಬುದು ನನ್ನ ಬಲವಾದ ಗುಮಾನಿ.

ಸರ್ಕಾರವನ್ನೊಂದೇ ಬೈದರೆ ಅನ್ಯಾಯವಾದೀತು. ಖಾಸಗಿಯವರ ಬಳಿ ಇದಕ್ಕಿಂತ ಸರಳ ವಿಧಾನವಿದೆ. ಫೋನ್ ಬರುತ್ತದೆ. ‘ನಿಮ್ಮ ಪರಿಸರ ಸೇವೆಯನ್ನು ಗುರುತಿಸಿದ್ದೇವೆ ಸಾರ್, ನೋಂದಣಿ ಶುಲ್ಕ ಮಾತ್ರ ಕಟ್ಟಬೇಕು, ಊಟ ನಮ್ಮದೇ.’ ಯಾವ ಸೇವೆ ಎಂದು ನೀವೇ ಬರೆದು ಕಳಿಸಬೇಕು. ಇಲ್ಲಿ ಮೋಸವಿಲ್ಲ, ಕೊಟ್ಟ ದುಡ್ಡಿಗೆ ಪದಕ ಬರುತ್ತದೆ. ಮುಂದಕ್ಕೆ ಹೋಗೋಣ.

ಗೌರವ ಎಂದರೆ ಏನೆಂದು ಗೊತ್ತಿದ್ದವರು ಗೌರವ ಪಡೆದವರೇ. ರಾಷ್ಟ್ರಪತಿ ಭವನದಲ್ಲಿ ಶಿಷ್ಟಾಚಾರದ ಗೆರೆ ದಾಟಿ ತಿಮ್ಮಕ್ಕ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದರ ತಲೆ ಮುಟ್ಟಿ ಹರಸಿದರು. 2021ರಲ್ಲಿ ಜೋಗತಿ ನೃತ್ಯದ ಮಂಜಮ್ಮ ಜೋಗತಿ ಅದೇ ರಾಷ್ಟ್ರಪತಿಗೆ ಸೆರಗಿನಿಂದ ನಿವಾಳಿಸಿ ದೃಷ್ಟಿ ತೆಗೆದರು. ಮನೆಯಿಂದ, ಊರಿನಿಂದ ಹೊರಗೆ ಹಾಕಿಸಿಕೊಂಡು, ಭಿಕ್ಷೆ ಬೇಡಿ, ಎಲ್ಲಮ್ಮನ ಹಾಡು ಕಲಿತು, ಕೊನೆಗೆ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದವರು ಅವರು. ಪ್ರಶಸ್ತಿ ತೆಗೆದುಕೊಳ್ಳಲು ಹೋದವರು ಕೊಟ್ಟು ಬಂದರು. ದೃಷ್ಟಿ ಯಾರದು ತಾಗಿತ್ತು ಎಂದು ಮಾತ್ರ ಅವರು ಹೇಳಲಿಲ್ಲ.

ನಾಡಿನಲ್ಲಿ ಕಲಾವಿದರು ಕೇಳಿದ್ದು ಕೇಳಿದ ಹಾಗೇ ಸಿಕ್ಕಿದ ಉದಾಹರಣೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಇದೆ, ಅದೂ ಬೆಂಗಳೂರಿನಲ್ಲಿ. 2015ರ ಜೂನ್‌ನಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯ ಹೊಂಡವೊಂದಕ್ಕೆ ಮೈಸೂರು ಮೂಲದ ಕಲಾವಿದ ಬಾದಲ್ ನಂಜುಂಡಸ್ವಾಮಿ ಹಸಿರು ಬಣ್ಣ ಬಳಿದು ಒಂದು ಮೊಸಳೆ ಬಿಟ್ಟರು. ಫೈಬರಿನ ಮೊಸಳೆ, ಸ್ವಂತ ಖರ್ಚು. ಜನ ಮೊಬೈಲ್ ಹಿಡಿದು ನಿಂತರು, ಫೋಟೋ ದೇಶವೆಲ್ಲ ಸುತ್ತಿತು, ಪಾಲಿಕೆ ಓಡಿ ಬಂದು ಹೊಂಡ ಮುಚ್ಚಿತು. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2ರ ನೌಕೆ ಇಳಿಯಲು ಕೆಲವೇ ದಿನ ಇರುವಾಗ, ನಟರೊಬ್ಬರಿಗೆ ಗಗನಯಾತ್ರಿಯ ವೇಷ ತೊಡಿಸಿ ತುಂಗಾನಗರದ ರಸ್ತೆಯ ಮೇಲೆ ತೇಲು ನಡಿಗೆ ನಡೆಸಿದರು. ಇದೇನು ಚಂದ್ರನ ಮೇಲ್ಮೈ ಎಂದು ನೋಡುತ್ತಿರುವಾಗಲೇ ಪಕ್ಕದಲ್ಲಿ ಒಂದು ಆಟೋ ಹಾದುಹೋಗುತ್ತದೆ. ಪಾಲಿಕೆ ಮತ್ತೆ ಓಡಿ ಬಂತು, ಮತ್ತೆ ಮುಚ್ಚಿತು.

ಶಾಲಿಲ್ಲ, ಪೇಟವಿಲ್ಲ. ಹೊಂಡ ಮುಚ್ಚಿ ಎಂದರು, ಹೊಂಡ ಮುಚ್ಚಿತು. ಒಬ್ಬ ಕಲಾವಿದನಿಗೆ ಕರ್ನಾಟಕದಲ್ಲಿ ಸಂದ ಅತಿ ದೊಡ್ಡ ಪ್ರಶಸ್ತಿ ಒಂದು ಲೋಡು ಜಲ್ಲಿ ಎಂದೇ ನಾನು ತಿಳಿದಿದ್ದೇನೆ. ಒಂದು ತೊಡಕು ಮಾತ್ರ ಇದೆ. ಪಾಲಿಕೆಯ ಕಲಾಭಿರುಚಿ ತೀರಾ ನಿಖರ. ಮೊಸಳೆ ಇದ್ದ ಹೊಂಡವನ್ನಷ್ಟೇ ಮುಚ್ಚುತ್ತದೆ, ಮುಂದಿನ ಹೊಂಡ ಮುಂದಿನ ಕಲಾಕೃತಿಗೆ ಕಾಯಬೇಕು. 2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ಪಾಲಿಕೆಗಳಾಗಿವೆ. ಹೊಂಡಗಳು ಮೊದಲಿನಷ್ಟೇ ಇದ್ದರೂ ಮೊಸಳೆಗಳನ್ನು ಐದು ಕಚೇರಿಗಳಿಗೆ ಹಂಚಬೇಕು.

ಕೇಳಿದ್ದನ್ನು ಕೊಡಿ, ಇಲ್ಲವಾದರೆ ಶಾಲನ್ನೂ ಇಟ್ಟುಕೊಳ್ಳಿ ಎಂದು ಹೇಳಿದವರೂ ನಮ್ಮಲ್ಲಿದ್ದಾರೆ. ಸಾಹಿತಿ ದೇವನೂರ ಮಹಾದೇವ 2010ರಲ್ಲಿ ಲಕ್ಷಗಟ್ಟಲೆ ರೂಪಾಯಿಯ ನೃಪತುಂಗ ಪ್ರಶಸ್ತಿಯನ್ನು ಒಲ್ಲೆ ಎಂದರು. ಶಾಲೆಯಲ್ಲಿ ಕನ್ನಡ ಕಲಿಕೆಯ ಮಾಧ್ಯಮ ಆಗಲಿಲ್ಲ ಎಂಬುದು ಕಾರಣ. ಕನ್ನಡ ಮಾಧ್ಯಮ ಬರಲಿಲ್ಲ, ಪ್ರಶಸ್ತಿ ನಿಲ್ಲಲಿಲ್ಲ, ಬೇರೆಯವರಿಗೆ ಬೇರೆ ವರ್ಷ ಸಂದಿತು. ಆದರೂ ಲೆಕ್ಕ ಚುಕ್ತಾ ಆಗಿಲ್ಲ ಎಂದು ಒಬ್ಬರಾದರೂ ಚೀಟಿ ಬರೆದಿಟ್ಟ ಹಾಗಾಯಿತು.

ಇದನ್ನೆಲ್ಲ ಸೇರಿಸಿ ನಾನೊಂದು ಸಲಹೆ ತಯಾರಿಸಿದೆ. ಇನ್ನು ಮುಂದೆ ಕಾಡು, ಕೆರೆ, ಕುಡಿತ, ಜಾತಿ ಇವುಗಳ ಬಗ್ಗೆ ಹಾಡಿದ, ಕುಣಿದ, ಬರೆದ ಕಲಾವಿದರಿಗೆ ವೇದಿಕೆಯ ಮೇಲೆ ಕೊಡಬೇಕಾದ್ದು ಒಂದೇ ಒಂದು ಹಾಳೆ, ಸಹಿ ಮೊಹರು ಇರುವ ಸರ್ಕಾರಿ ಆದೇಶದ ಪ್ರತಿ. ತಿಮ್ಮಕ್ಕನವರಿಗಾಗಿದ್ದರೆ ‘ಸದರಿ ರಸ್ತೆಯಲ್ಲಿ ಅಗಲೀಕರಣ ಕೈಬಿಡಲಾಗಿದೆ’. ಸುಕ್ರಜ್ಜಿಗಾಗಿದ್ದರೆ ‘ಬಡಗೇರಿ ಸುತ್ತಮುತ್ತ ಸನ್ನದು ರದ್ದು’. ಬೇಕಾದರೆ ಫ್ರೇಮು ಹಾಕಿಸಿ ಕೊಡಲಿ. ಇದನ್ನು ಹಿಡಿದುಕೊಂಡು ಪರಿಚಯದ ಅಧಿಕಾರಿಯೊಬ್ಬರ ಬಳಿ ಹೋದೆ. ಒಳ್ಳೆಯವರು, ಓದುವ ಹವ್ಯಾಸವಿದ್ದವರು. ಪೂರ್ತಿ ಕೇಳಿಸಿಕೊಂಡರು, ಕಾಫಿ ತರಿಸಿದರು.

‘ಐಡಿಯಾ ಚೆನ್ನಾಗಿದೆ ಸಾರ್. ಆದ್ರೆ ಶಾಲಿಗೆ ಲೆಕ್ಕ ಶೀರ್ಷಿಕೆ ಇದೆ, ಪೇಟಕ್ಕೆ ಇದೆ, ಹಣ್ಣಿನ ಬುಟ್ಟಿಗೂ ಇದೆ. ಮರ ಕಡೀದೇ ಇರೋದಕ್ಕೆ ಲೆಕ್ಕ ಶೀರ್ಷಿಕೆ ಇಲ್ವಲ್ಲ? ಯಾವುದರಲ್ಲಿ ಖರ್ಚು ಹಾಕೋದು?’

‘ಅದಕ್ಕೆ ಖರ್ಚೇ ಇಲ್ಲವಲ್ಲ’ ಎಂದೆ.

‘ಅದೇ ತೊಂದ್ರೆ ಸಾರ್. ಖರ್ಚಿಲ್ಲದ ಕೆಲಸಕ್ಕೆ ಮಂಜೂರಾತಿ ಯಾರು ಕೊಡ್ತಾರೆ?’

ಎದ್ದು ಹೊರಟೆ. ಬಾಗಿಲವರೆಗೆ ಕಳಿಸಲು ಬಂದವರು ಹೆಗಲ ಮೇಲೆ ಕೈಯಿಟ್ಟು, ದನಿ ತಗ್ಗಿಸಿ ಕೇಳಿದರು: ‘ಇಷ್ಟು ವರ್ಷದಿಂದ ಇಷ್ಟು ಚೆನ್ನಾಗಿ ಬೈತಾ ಇದ್ದೀರಿ, ನಿಮಗಿನ್ನೂ ಯಾರೂ ಸನ್ಮಾನ ಮಾಡಿಲ್ವಾ ಸಾರ್? ಒಂದು ಬಯೋಡೇಟಾ, ಎರಡು ಫೋಟೋ ಕಳಿಸಿ. ನವೆಂಬರ್‌ಗೆ ನೋಡೋಣ.’